ನಮ್ಮ ಹುಡುಗನೇ ಮಾಡಿಕೊಡುತ್ತಾನೆ: ಸಣ್ಣ ಪ್ರೋಗ್ರಾಂ ಕೆಲಸದ ಕೂಲಿಗೂ ಒಂದು ಚರಿತ್ರೆಯಿದೆ

ಕಂಪ್ಯೂಟರ್ ಕಲಿತ ಹುಡುಗನೋ ಹುಡುಗಿಯೋ ಇರುವ ಬ್ಯಾರಿ ಮನೆಗೆ ಕೆಲಸಗಳು ತಾವಾಗಿಯೇ ನಡೆದು ಬರುತ್ತವೆ. ಮದ್ರಸದ ಮಕ್ಕಳ ಅಂಕಪಟ್ಟಿಗೆ ಒಂದು ಎಕ್ಸೆಲ್ ಹಾಳೆ, ಜಮಾಅತ್‌ನ ವಂತಿಗೆ ಲೆಕ್ಕಕ್ಕೆ ಒಂದು ಪ್ರೋಗ್ರಾಂ, ಮಾವನ ಅಂಗಡಿಗೆ ಬಿಲ್ಲಿಂಗ್, ರಕ್ತದಾನಿಗಳ ಪಟ್ಟಿಗೆ ಒಂದು ಆ್ಯಪ್. ಕೇಳುವವರು ಯಾರೂ ಕೆಟ್ಟವರಲ್ಲ. "ನಮ್ಮ ಹುಡುಗನೇ ಇದ್ದಾನಲ್ಲ, ಅವನೇ ಮಾಡಿಕೊಡುತ್ತಾನೆ" ಎಂಬ ಪ್ರೀತಿಯಿಂದಲೇ ಕೇಳುತ್ತಾರೆ. ಅದೇ ಮನೆಗೆ ನಲ್ಲಿ ರಿಪೇರಿಗೆ ಬಂದವನು ಸಂಬಂಧಿಕನೇ ಆಗಿದ್ದರೂ ಹೊರಡುವಾಗ ಅವನ ಜೇಬಿಗೆ ನೋಟು ತುರುಕುತ್ತೇವೆ. ಮೂರು ರಾತ್ರಿ ಕುಳಿತು ಪ್ರೋಗ್ರಾಂ ಬರೆದವನಿಗೆ ಚಹಾ ಕೊಟ್ಟು ಕಳುಹಿಸುತ್ತೇವೆ.

ಇದರಲ್ಲಿ ಇನ್ನೊಂದು ಮಜಲೂ ಇದೆ. ಆ ಹುಡುಗ ತಾನೇ ಒಂದು ಕಡೆ ಸಿಕ್ಕಿಕೊಳ್ಳುತ್ತಾನೆ. ಲೆಕ್ಕದ ಭಾಗ ಅವನಿಗೆ ಬರುತ್ತದೆ, ಕನ್ನಡದಲ್ಲಿ ರಸೀದಿ ಮುದ್ರಿಸುವುದು ಬರುವುದಿಲ್ಲ. ಆಗ ಅದು ಬಲ್ಲ ಗೆಳೆಯನೊಬ್ಬನಿಗೆ ಸಂದೇಶ ಕಳುಹಿಸುತ್ತಾನೆ. ಅಲ್ಲಿಯೂ ಹಣದ ಮಾತಿಲ್ಲ. "ನೀನೂ ಇದೇ ಕೆಲಸದವನು, ನಾನೂ ಇದೇ ಕೆಲಸದವನು, ನಮ್ಮ ನಡುವೆ ಎಂತಹ ಲೆಕ್ಕ?" ಎಂಬುದೇ ವಾದ. ಕೆಲವೊಮ್ಮೆ ಕೆಲಸ ಆಗುತ್ತದೆ. ಹೆಚ್ಚಿನ ಸಲ ಎರಡು ವಾರ ಕಳೆದು, "ಬ್ಯುಸಿ ಇದ್ದೆ" ಎಂಬ ಉತ್ತರ ಬರುತ್ತದೆ, ಸ್ನೇಹ ತಣ್ಣಗಾಗುತ್ತದೆ.

ಒಂದೇ ಕಸುಬಿನವರು ತಮ್ಮತಮ್ಮಲ್ಲಿ ಸಣ್ಣ ಕೆಲಸಕ್ಕೆ ಹಣ ಕೊಡಬಹುದೇ? ಕೊಟ್ಟರೆ ಸ್ನೇಹ ಕೆಡುತ್ತದೆಯೇ, ಕೊಡದಿದ್ದರೆ ಕೆಡುತ್ತದೆಯೇ? ಪ್ರೋಗ್ರಾಮರ್‌ಗಳ ಲೋಕ ಈ ಪ್ರಶ್ನೆಯನ್ನು ಐವತ್ತು ವರ್ಷಗಳಿಂದ ಬೇರೆಬೇರೆ ರೀತಿಯಲ್ಲಿ ಪರೀಕ್ಷಿಸಿ ನೋಡಿದೆ. ಆ ಚರಿತ್ರೆಯನ್ನು ನಮ್ಮ ಮನೆಗಳಿಗೆ ಅರ್ಥವಾಗುವಂತೆ ಹೇಳುವುದು ಈ ಲೇಖನದ ಉದ್ದೇಶ.

ಮುಯ್ಯಿ, ಮೊಯ್ ಮತ್ತು ಜಾಬ್ ವರ್ಕ್

ಮೊದಲು ಕಂಪ್ಯೂಟರ್‌ಗಿಂತ ಹಳೆಯ ಪದ್ಧತಿಗಳನ್ನು ನೋಡೋಣ.

ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನನ್ನ ಗದ್ದೆಯ ನಾಟಿಗೆ ನೀವು ಬರುತ್ತೀರಿ, ನಾಳೆ ನಿಮ್ಮ ಗದ್ದೆಗೆ ನಾನು ಬರುತ್ತೇನೆ. ಹಣ ಕೈ ಬದಲಾಗುವುದಿಲ್ಲ, ಆದರೆ ಲೆಕ್ಕ ಖಂಡಿತ ಇರುತ್ತದೆ. ಎಷ್ಟು ಆಳು, ಎಷ್ಟು ದಿನ ಎಂಬುದು ಎರಡೂ ಮನೆಯವರಿಗೆ ಬಾಯಿಪಾಠ. ತೀರಿಸದವನ ಗದ್ದೆಗೆ ಮರುವರ್ಷ ಯಾರೂ ಇಳಿಯುವುದಿಲ್ಲ.

ನಾನು ಈಗ ಇರುವುದು ತಮಿಳುನಾಡಿನ ಬತ್ತಲಗುಂಡಿನಲ್ಲಿ. ದಿಂಡಿಗಲ್‌ನಿಂದ ತೇಣಿ ಕಡೆಗೂ ಕೊಡೈಕನಾಲ್ ಕಡೆಗೂ ಹೋಗುವವರು ದಾಟಬೇಕಾದ ಊರು. ಸುತ್ತಮುತ್ತ ನೂಲಿನ ಗಿರಣಿಗಳಿವೆ. ಅಂಥದೊಂದು ಗಿರಣಿಯಲ್ಲಿ ಯಂತ್ರಗಳ ನಿರ್ವಹಣೆ ನನ್ನ ಕೆಲಸ. ಈ ಕಡೆಯ ಮದುವೆ, ಗೃಹಪ್ರವೇಶಗಳಲ್ಲಿ ಮೊಯ್ ಎಂಬ ಪದ್ಧತಿಯಿದೆ. ಬಾಗಿಲಲ್ಲೇ ಒಂದು ಮೇಜು, ಅದರ ಹಿಂದೆ ಇಬ್ಬರು, ಕೈಯಲ್ಲಿ ನೋಟ್‌ಬುಕ್. ನೀವು ಕೊಟ್ಟ ಹಣವನ್ನು ಹೆಸರು, ಊರು ಸಹಿತ ಬರೆದುಕೊಳ್ಳುತ್ತಾರೆ. ನಿಮ್ಮ ಮನೆಯ ಕಾರ್ಯಕ್ಕೆ ಅವರು ಆ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ಹಿಂದೆ ಕೊಡುತ್ತಾರೆ. ಈಚೆಗೆ ನೋಟ್‌ಬುಕ್ಕಿನ ಜಾಗಕ್ಕೆ ಲ್ಯಾಪ್‌ಟಾಪ್ ಮತ್ತು ರಸೀದಿ ಮುದ್ರಿಸುವ ಪುಟ್ಟ ಯಂತ್ರ ಬಂದಿದೆ. ಯಾರೋ ಒಬ್ಬ ಸ್ಥಳೀಯ ಪ್ರೋಗ್ರಾಮರ್‌ಗೆ ಅದೂ ಒಂದು ಕೆಲಸವಾಯಿತು. ಕನ್ನಡದ ಮುಯ್ಯಿ, ತಮಿಳಿನ ಮೊಯ್ ಎರಡೂ ಒಂದೇ ಮನೆಯ ಪದಗಳಂತೆ ಕೇಳುತ್ತವೆ. ಸಂಬಂಧಿಕರ ನಡುವಿನ ಹಣವನ್ನು ಎಲ್ಲರೆದುರು ಬರೆದಿಡುವುದು ಇಲ್ಲಿ ಅವಮಾನವಲ್ಲ, ಅದೇ ಮರ್ಯಾದೆ.

ಮೂರನೆಯದು ನನ್ನ ಕಸುಬಿನದು. ಮಂಗಳೂರಿನ ಬೈಕಂಪಾಡಿಯಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಒಂದು ಲೇತ್ ಶಾಪಿಗೆ ಹೋಗಿ ನೋಡಿ. ಗೇರ್ ಹಲ್ಲು ಕೊಯ್ಯುವ ಯಂತ್ರ ಅವನಲ್ಲಿಲ್ಲ. ಪಕ್ಕದ ಶೆಡ್ಡಿನವನಲ್ಲಿ ಇದೆ. ಚಲನ್ ಬರೆದು ಕಳುಹಿಸುತ್ತಾನೆ, ಹಣ ಕೊಡುತ್ತಾನೆ, ಮರುದಿನ ಆ ಪಕ್ಕದವನೇ ಗ್ರೈಂಡಿಂಗ್‌ಗೆ ಇವನ ಬಳಿ ಬರುತ್ತಾನೆ. ಇದಕ್ಕೆ ಜಾಬ್ ವರ್ಕ್ ಎನ್ನುತ್ತಾರೆ. ಇಬ್ಬರೂ ಯಜಮಾನರೇ, ಯಾರೂ ಯಾರ ಆಳೂ ಅಲ್ಲ. ಹಣ ಕೊಟ್ಟ ಮಾತ್ರಕ್ಕೆ ಒಬ್ಬ ಮೇಲೆ, ಇನ್ನೊಬ್ಬ ಕೆಳಗೆ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಈ ಮೂರರಲ್ಲೂ ಒಂದು ಅಂಶ ಸಮಾನ. ಸಮಾನರ ನಡುವೆ ಕೊಡು ಕೊಳ್ಳು ನಡೆಯುತ್ತದೆ, ಅದು ಸ್ಪಷ್ಟವಾಗಿ ನಡೆಯುತ್ತದೆ. ಈಗ ಪ್ರೋಗ್ರಾಮರ್‌ಗಳ ಕಡೆಗೆ ಬರೋಣ.

ಮರ್ಯಾದೆಯ ಚೆಕ್ಕು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಕಂಪ್ಯೂಟರ್ ವಿಜ್ಞಾನದ ಹಿರಿಯ. ಪ್ರೋಗ್ರಾಮಿಂಗ್ ಕಲೆಯ ಕುರಿತ ಅವರ ಮಹಾಗ್ರಂಥದ ಮೊದಲ ಸಂಪುಟ ಬಂದದ್ದು 1968ರಲ್ಲಿ. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿ ತಿಳಿಸಿದವರಿಗೆ ಅವರು ಚೆಕ್ ಕಳುಹಿಸುತ್ತಿದ್ದರು. ಮೊತ್ತ 2 ಡಾಲರ್ 56 ಸೆಂಟ್. 256 ಎಂಬುದು ಕಂಪ್ಯೂಟರ್‌ನವರಿಗೆ ಪ್ರಿಯವಾದ ಸಂಖ್ಯೆ. ಹದಿನಾರರ ಲೆಕ್ಕದಲ್ಲಿ ಹದಿನಾರು ಹದಿನಾರಲೆ 256, ಆದ್ದರಿಂದ ಅದನ್ನು ಹದಿನಾರರ ಲೆಕ್ಕದ ಒಂದು ಡಾಲರ್ ಎಂದು ಅವರು ತಮಾಷೆ ಮಾಡುತ್ತಿದ್ದರು.

ಆ ಚೆಕ್ ಪಡೆದವರಲ್ಲಿ ಬಹಳ ಮಂದಿ ಅದನ್ನು ಬ್ಯಾಂಕಿಗೆ ಹಾಕಲಿಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಚೆಕ್ಕಿನ ಮೇಲಿನ ಖಾತೆ ಸಂಖ್ಯೆಯನ್ನು ಬಳಸಿ ಮೋಸ ಮಾಡುವವರ ಕಾಟ ಹೆಚ್ಚಾದ ಮೇಲೆ 2008ರಲ್ಲಿ ಕ್ನೂತ್ ನಿಜವಾದ ಚೆಕ್ ನಿಲ್ಲಿಸಿ, ಸ್ಯಾನ್ ಸೆರಿಫ್ ಎಂಬ ಇಲ್ಲದ ದೇಶದ ಬ್ಯಾಂಕಿನ ಹೆಸರಿನಲ್ಲಿ ಪ್ರಮಾಣಪತ್ರ ಕೊಡತೊಡಗಿದರು. ಅದಕ್ಕೂ ಬೇಡಿಕೆ ಕಡಿಮೆಯಾಗಲಿಲ್ಲ.

ಎರಡೂವರೆ ಡಾಲರ್‌ನಿಂದ ಯಾರ ಮನೆಯೂ ನಡೆಯುವುದಿಲ್ಲ. ಆದರೆ "ನಿನ್ನ ಸಮಯವನ್ನು ನಾನು ಗಮನಿಸಿದ್ದೇನೆ" ಎಂದು ಸಹಿ ಹಾಕಿ ಹೇಳುವುದಕ್ಕೆ ಅದು ಸಾಕಾಯಿತು. ಸಣ್ಣ ಹಣ ದೊಡ್ಡವರನ್ನು ಅವಮಾನಿಸುತ್ತದೆ ಎಂಬ ನಮ್ಮ ಅಂಜಿಕೆಗೆ ಇದು ಉತ್ತರ.

ಸ್ವತಂತ್ರ ಎಂದರೆ ಪುಕ್ಕಟೆ ಅಲ್ಲ

1980ರ ದಶಕದಲ್ಲಿ ರಿಚರ್ಡ್ ಸ್ಟಾಲ್ಮನ್ ಸ್ವತಂತ್ರ ತಂತ್ರಾಂಶದ ಚಳವಳಿ ಆರಂಭಿಸಿದರು. ಪ್ರೋಗ್ರಾಮಿನ ಮೂಲ ಬರಹ ಎಲ್ಲರಿಗೂ ತೆರೆದಿರಬೇಕು, ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು ಎಂಬುದು ಅದರ ತಿರುಳು. ಇದನ್ನು ಕೇಳಿದವರು "ಹಾಗಾದರೆ ಎಲ್ಲವೂ ಪುಕ್ಕಟೆ" ಎಂದುಕೊಂಡರು. ಆದರೆ 1985ರಲ್ಲಿ ಇದೇ ಸ್ಟಾಲ್ಮನ್ ತಮ್ಮ ಇಮ್ಯಾಕ್ಸ್ ಎಂಬ ಪ್ರೋಗ್ರಾಮನ್ನು ಟೇಪಿನಲ್ಲಿ ತುಂಬಿಸಿ 150 ಡಾಲರಿಗೆ ಮಾರುತ್ತಿದ್ದರು. ನೆಟ್‌ನಿಂದ ತೆಗೆದುಕೊಳ್ಳಬಲ್ಲವರು ಪುಕ್ಕಟೆಯಾಗಿ ತೆಗೆದುಕೊಳ್ಳಬಹುದಿತ್ತು. ಟೇಪು ಬೇಕಾದವರು ಹಣ ಕೊಡಬೇಕಿತ್ತು.

1989ರಲ್ಲಿ ಅಮೆರಿಕದಲ್ಲಿ ಮೂವರು ಪ್ರೋಗ್ರಾಮರ್‌ಗಳು ಸೇರಿ ಸಿಗ್ನಸ್ ಎಂಬ ಕಂಪನಿ ಕಟ್ಟಿದರು. ಎಲ್ಲರಿಗೂ ಉಚಿತವಾಗಿ ಸಿಗುವ ತಂತ್ರಾಂಶವನ್ನು ಗಿರಾಕಿಯ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಡುವುದು, ಕೆಟ್ಟಾಗ ಸರಿಪಡಿಸುವುದು ಅವರ ವ್ಯಾಪಾರ. ವಸ್ತು ಎಲ್ಲರದು, ದುಡಿಮೆಗೆ ಬೆಲೆ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಅಡುಗೆಯ ವಿಧಾನ ಎಲ್ಲರಿಗೂ ಗೊತ್ತಿದ್ದರೂ ಮದುವೆಗೆ ಅಡುಗೆ ಮಾಡುವವನಿಗೆ ಕೂಲಿ ಕೊಡಲೇಬೇಕಲ್ಲ, ಹಾಗೆ.

ನಡುವೆ ನಿಂತವನ ಕೈಯಲ್ಲಿ ಹಣ

ಇಂಟರ್‌ನೆಟ್ ಹರಡಿದ ಮೇಲೆ ಪರಸ್ಪರ ಮುಖ ನೋಡದವರೂ ಕೆಲಸ ಕೊಟ್ಟು ಮಾಡಿಸಿಕೊಳ್ಳಬಹುದಾಯಿತು. 2001ರಲ್ಲಿ ಅಮೆರಿಕದಲ್ಲಿ ರೆಂಟ್ ಎ ಕೋಡರ್ ಆರಂಭವಾಯಿತು. ಕೆಲಸ ಬೇಕಾದವನು ವಿವರ ಬರೆಯುತ್ತಾನೆ, ಪ್ರೋಗ್ರಾಮರ್‌ಗಳು ದರ ಹೇಳುತ್ತಾರೆ. ಒಬ್ಬನನ್ನು ಆರಿಸಿದ ಮೇಲೆ ಹಣವನ್ನು ಮೊದಲೇ ನಡುವಿನ ಸಂಸ್ಥೆಯ ಬಳಿ ಇಡಬೇಕು. ಕೆಲಸ ಒಪ್ಪಿಗೆಯಾದ ಮೇಲೆ ಅದು ಮಾಡಿದವನಿಗೆ ಹೋಗುತ್ತದೆ. ಜಗಳವಾದರೆ ಸಂಸ್ಥೆಯೇ ಪಂಚಾಯಿತಿ. ಅದು 2012ರಲ್ಲಿ ದೊಡ್ಡದೊಂದು ಕಂಪನಿಯೊಳಗೆ ಸೇರಿಹೋಯಿತು.

ಈ ವ್ಯವಸ್ಥೆ ಭಾರತದ ಹಲವು ಸಣ್ಣ ಊರುಗಳ ಯುವಕರಿಗೆ ಮೊದಲ ಡಾಲರ್ ತೋರಿಸಿತು. ಆದರೆ ಡಾಲರ್ ಊರಿಗೆ ತಲುಪುವ ದಾರಿ ಸುಲಭವಾಗಿರಲಿಲ್ಲ. 2010ರ ಫೆಬ್ರವರಿಯಲ್ಲಿ ಪೇಪಾಲ್ ಭಾರತದ ವೈಯಕ್ತಿಕ ಪಾವತಿಗಳನ್ನು ನಿಲ್ಲಿಸಿತು. 2011ರ ಮಾರ್ಚಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಸಲಕ್ಕೆ 500 ಡಾಲರ್ ಮಿತಿ ಬಂತು, ಅದು ಆ ಮೇಲೆ ಸಡಿಲವಾಯಿತು. ದೇಶದೊಳಗೂ 800 ರೂಪಾಯಿ ಕಳುಹಿಸಲು ಬ್ಯಾಂಕಿಗೆ ಹೋಗಿ ಚಲನ್ ತುಂಬಬೇಕಿತ್ತು, ಇಲ್ಲವೇ ಮನಿ ಆರ್ಡರ್ ಮಾಡಬೇಕಿತ್ತು. ಸಣ್ಣ ಕೆಲಸಕ್ಕೆ ಸಣ್ಣ ಹಣ ಕೊಡದಿರಲು ಆಗ ಇದು ಒಂದು ನಿಜವಾದ ಕಾರಣ. 2016ರಲ್ಲಿ ಯುಪಿಐ ಬಂದ ಮೇಲೆ ಆ ಕಾರಣ ಉಳಿದಿಲ್ಲ. ಹತ್ತು ರೂಪಾಯಿಯ ಚಹಾಕ್ಕೆ ಫೋನ್ ಹಿಡಿಯುವ ನಾವು ಎರಡು ದಿನದ ಕೋಡಿಂಗಿಗೆ ಫೋನ್ ತೆಗೆಯುವುದಿಲ್ಲವೆಂದರೆ ಅಡ್ಡಿ ಬೇರೆ ಎಲ್ಲೋ ಇದೆ.

ನಡುವಿನವನನ್ನು ನಂಬುವುದರಲ್ಲೂ ಅಪಾಯವಿದೆ. ಬೌಂಟಿಸೋರ್ಸ್ ಎಂಬ ತಾಣದಲ್ಲಿ ಸ್ವತಂತ್ರ ತಂತ್ರಾಂಶದ ಒಂದೊಂದು ದೋಷಕ್ಕೂ ಬಳಕೆದಾರರು ಇನಾಮು ಇಡಬಹುದಿತ್ತು. ಹತ್ತು ಮಂದಿ ಐದೈದು ಡಾಲರ್ ಹಾಕಿದರೆ ಐವತ್ತು, ಸರಿಪಡಿಸಿದವನಿಗೆ ಅದು. ಒಳ್ಳೆಯ ಯೋಚನೆ. ತಾಣ ಕೈಯಿಂದ ಕೈಗೆ ಮಾರಾಟವಾಯಿತು. 2020ರಲ್ಲಿ ಹೊಸ ಮಾಲೀಕರು, ಎರಡು ವರ್ಷ ಯಾರೂ ಪಡೆಯದ ಇನಾಮು ತಮಗೇ ಸೇರುತ್ತದೆ ಎಂಬ ನಿಯಮ ತಂದರು. ಪ್ರೋಗ್ರಾಮರ್‌ಗಳು ಸಿಟ್ಟಿಗೆದ್ದ ಮೇಲೆ ಅದನ್ನು ಹಿಂದೆಗೆದುಕೊಂಡರು. 2023ರಲ್ಲಿ ದುಡಿದವರ ಹಣ ಕೈಗೆ ಬರುವುದೇ ನಿಂತಿತು. ಸಮುದಾಯದ ಹಣ ಯಾರ ಬಳಿ ಇರುತ್ತದೆ, ಲೆಕ್ಕ ಯಾರು ನೋಡುತ್ತಾರೆ ಎಂಬ ಪ್ರಶ್ನೆ ಕೂಲಿಯಷ್ಟೇ ಮುಖ್ಯ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ವಿದ್ಯಾರ್ಥಿಗಳಿಗೆ ಬೇಸಿಗೆಯ ಕೂಲಿ

2005ರಲ್ಲಿ ಗೂಗಲ್ 'ಸಮ್ಮರ್ ಆಫ್ ಕೋಡ್' ಎಂಬ ಯೋಜನೆ ಆರಂಭಿಸಿತು. ರಜೆಯಲ್ಲಿ ವಿದ್ಯಾರ್ಥಿಗಳು ಸ್ವತಂತ್ರ ತಂತ್ರಾಂಶದ ಗುಂಪುಗಳಿಗೆ ಕೆಲಸ ಮಾಡುತ್ತಾರೆ, ಗೂಗಲ್ ಹಣ ಕೊಡುತ್ತದೆ. ಮೊದಲು 200 ವಿದ್ಯಾರ್ಥಿಗಳೆಂದು ಯೋಚಿಸಿದ್ದರು. ಬಂದ ಅರ್ಜಿಗಳ ರಾಶಿ ನೋಡಿ ಸುಮಾರು 400ಕ್ಕೆ ಏರಿಸಿದರು. ಪ್ರತಿ ವಿದ್ಯಾರ್ಥಿಗೆ 4,500 ಡಾಲರ್, ಮಾರ್ಗದರ್ಶನ ಮಾಡಿದ ಗುಂಪಿಗೆ 500 ಡಾಲರ್. ಮುಂದಿನ ವರ್ಷಗಳಲ್ಲಿ ಹಣವನ್ನು ಕಂತುಗಳಾಗಿ ಹಂಚಿದರು: ಆರಂಭಕ್ಕೆ ಸ್ವಲ್ಪ, ನಡುವೆ ಪರೀಕ್ಷಿಸಿ ಸ್ವಲ್ಪ, ಮುಗಿದ ಮೇಲೆ ಉಳಿದದ್ದು. ಮನೆ ಕಟ್ಟಿಸುವಾಗ ಮೇಸ್ತ್ರಿಗೆ ತಳಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ತಾರಸಿಗೆ ಇಷ್ಟು ಎಂದು ಕೊಡುವ ಕ್ರಮವೇ ಇದು.

ನಮ್ಮ ನೆರೆಯ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಗುಂಪು 2013ರಲ್ಲಿ ಈ ಯೋಜನೆಯಡಿ ವಿದ್ಯಾರ್ಥಿಗಳಿಂದ ಕೆಲಸ ಮಾಡಿಸಿತು. ಫಾಂಟು, ಅಕ್ಷರ ಜೋಡಣೆ, ಕೀಬೋರ್ಡ್ ಇಂಥ ಕೆಲಸಗಳಲ್ಲಿ ಆ ಗುಂಪಿನದು ದೊಡ್ಡ ಹೆಸರು. ಅವರು ಬೆಳೆಸಿದ ಇಂಡಿಕ್ ಕೀಬೋರ್ಡಿನಲ್ಲಿ ಕನ್ನಡವೂ ಇದೆ. ಮಲಯಾಳಕ್ಕೆ ಹತ್ತಿರವಾದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯುವ ನಮಗೆ ಈ ಗುಂಪಿನ ಚರಿತ್ರೆ ತೀರ ಹತ್ತಿರದ್ದು.

ಈ ಯೋಜನೆಯಲ್ಲೂ ಒಂದು ಕಹಿ ಮಾತು ಎದ್ದಿತು. 2017ರಿಂದ ಆಯಾ ದೇಶದ ಜೀವನ ವೆಚ್ಚ ನೋಡಿ ಹಣ ಕೊಡುವ ಕ್ರಮ ಬಂತು. ಅದೇ ಕೆಲಸಕ್ಕೆ ಭಾರತದ ವಿದ್ಯಾರ್ಥಿಗೆ ಅಮೆರಿಕದವನಿಗಿಂತ ಕಡಿಮೆ. ಅಕ್ಕಿಯ ಬೆಲೆ ಊರಿಗೊಂದು ಇರಬಹುದು, ಲ್ಯಾಪ್‌ಟಾಪಿನ ಬೆಲೆ ಹಾಗಿಲ್ಲವಲ್ಲ. ಕೆಲಸಕ್ಕೆ ಬೆಲೆಯೋ, ಕೆಲಸದವನ ಊರಿಗೆ ಬೆಲೆಯೋ ಎಂಬ ಚರ್ಚೆಗೆ ಇನ್ನೂ ತೀರ್ಮಾನವಿಲ್ಲ. ಗಲ್ಫಿನಲ್ಲಿ ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಬ್ಬರಿಗೆ ಕೊಟ್ಟಾಗ ಉಳಿದವರು

ಹಣ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಚರಿತ್ರೆ ಹೇಳುವುದಿಲ್ಲ. ಡೆಬಿಯನ್ ಎಂಬುದು 1993ರಲ್ಲಿ ಆರಂಭವಾದ ಸ್ವಯಂಸೇವಕರ ದೊಡ್ಡ ಕೂಟ. ಅವರು ತಯಾರಿಸುವ ಲಿನಕ್ಸ್ ವ್ಯವಸ್ಥೆ ಲೋಕದ ಅಸಂಖ್ಯ ಕಂಪ್ಯೂಟರ್‌ಗಳಲ್ಲಿ ಓಡುತ್ತದೆ. ಅಲ್ಲಿ ಯಾರಿಗೂ ಕೂಟದಿಂದ ಸಂಬಳವಿಲ್ಲ. 2006ರಲ್ಲಿ ಹೊಸ ಆವೃತ್ತಿಯನ್ನು ಡಿಸೆಂಬರ್ ಆರಂಭಕ್ಕೆ ಹೊರತರಬೇಕೆಂಬ ಹಟ ಇತ್ತು. ಆಗ ಕೆಲವರು ಸೇರಿ ಡಂಕ್ ಟ್ಯಾಂಕ್ ಎಂಬ ಪ್ರಯೋಗ ಮಾಡಿದರು. ಹೊರಗಿನಿಂದ ಹಣ ಸಂಗ್ರಹಿಸಿ, ಬಿಡುಗಡೆಯ ಹೊಣೆ ಹೊತ್ತ ಇಬ್ಬರಿಗೆ ತಲಾ ಒಂದು ತಿಂಗಳು ಪೂರ್ಣಾವಧಿ ದುಡಿಯಲು ಸಂಬಳ ಕೊಟ್ಟರು.

ಕೂಟದೊಳಗೆ ಬಿರುಗಾಳಿ ಎದ್ದಿತು. ವರ್ಷಗಟ್ಟಲೆ ಪುಕ್ಕಟೆ ದುಡಿದ ಉಳಿದವರು, "ನಮ್ಮ ಕೆಲಸಕ್ಕೆ ಬೆಲೆಯಿಲ್ಲವೇ?" ಎಂದರು. ಕೆಲವರು ಕೈ ನಿಧಾನ ಮಾಡಿದರು, ಕೆಲವರು ತಾವು ಮಾಡುತ್ತಿದ್ದ ಕೆಲಸವನ್ನೇ ಬಿಟ್ಟರು. ವಿಷಯ ಮತದಾನಕ್ಕೂ ಹೋಯಿತು. ಡಿಸೆಂಬರಿಗೆ ಬರಬೇಕಾಗಿದ್ದ ಆವೃತ್ತಿ ಬಂದದ್ದು 2007ರ ಏಪ್ರಿಲ್ 8ರಂದು.

ಹಣ ಪಡೆದ ಇಬ್ಬರ ದುಡಿಮೆಯನ್ನು ಇಲ್ಲಿ ದೂರಬೇಕಿಲ್ಲ. ಯಾರಿಗೆ ಕೊಡಬೇಕು, ಯಾಕೆ ಅವರಿಗೇ ಕೊಡಬೇಕು ಎಂಬುದು ಎಲ್ಲರೂ ಕೂತು ಮಾತಾಡಿ ಒಪ್ಪಿದ ವಿಷಯವಾಗಿರಲಿಲ್ಲ. ನಮ್ಮ ಸಂಘಗಳಲ್ಲಿ ಒಬ್ಬನಿಗೆ ಗೌರವಧನ ಕೊಟ್ಟ ಮರುದಿನ ಇನ್ನಿಬ್ಬರು ಸಭೆಗೆ ಬಾರದಿರುವುದೂ ಇದೇ ಕಾರಣಕ್ಕೆ. ಕೆಲಸಕ್ಕೆ ಬೆಲೆ ಇಟ್ಟರೆ ಯಾರು ಬೇಕಾದರೂ ಅದನ್ನು ಮಾಡಿ ಪಡೆಯಬಹುದು. ವ್ಯಕ್ತಿಗೆ ಬೆಲೆ ಇಟ್ಟರೆ ಉಳಿದವರು ಕಡಿಮೆಯವರಾಗುತ್ತಾರೆ.

ಪುಕ್ಕಟೆ ಕೆಲಸದ ಖರ್ಚು ಯಾರ ಮನೆಗೆ?

ಕನ್ನಡದ ಕಂಪ್ಯೂಟರ್ ಚರಿತ್ರೆ ಬಹುಪಾಲು ಪುಕ್ಕಟೆ ದುಡಿಮೆಯ ಚರಿತ್ರೆ. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ.ಪಿ. ರಾವ್, ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡದ ಒತ್ತಕ್ಷರಗಳನ್ನೂ ಸಲೀಸಾಗಿ ಮೂಡಿಸುವ ವಿನ್ಯಾಸ ರೂಪಿಸಿ ಕೊಟ್ಟರು. ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಆಧಾರ ಅದೇ. ಅದನ್ನು ಅವರು ಮಾರಲಿಲ್ಲ. 1998ರಲ್ಲಿ ಶೇಷಾದ್ರಿವಾಸು 'ಬರಹ' ತಂತ್ರಾಂಶ ಹೊರತಂದರು. ಮನೆಮನೆಯ ಕಂಪ್ಯೂಟರಿಗೆ ಕನ್ನಡ ಹೋದದ್ದು ಅದರಿಂದ. ಬಹಳ ವರ್ಷ ಉಚಿತವಾಗಿದ್ದ ಅದು ಮುಂದೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಹಾಗಾದಾಗ ಬೇಸರಪಟ್ಟವರು ಅನೇಕರಿದ್ದರು. ಅಷ್ಟು ವರ್ಷ ಒಬ್ಬ ವ್ಯಕ್ತಿ ಅದನ್ನು ಹೇಗೆ ನಡೆಸಿಕೊಂಡು ಬಂದ ಎಂದು ಕೇಳಿದವರು ಅಷ್ಟು ಜನ ಇರಲಿಲ್ಲ.

ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಮಲಯಾಳಂನ 'ಓಳಂ' ನಿಘಂಟು ಮಾಡಿದ್ದ ಪ್ರೋಗ್ರಾಮರ್ ಕೈಲಾಶ್ ನಾಧ್ ಅದಕ್ಕೆ ತಂತ್ರಾಂಶ ಒದಗಿಸಿ, 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟರು. ಪದ ಬಲ್ಲವನೂ ಪ್ರೋಗ್ರಾಂ ಬಲ್ಲವನೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇದು ಮಾದರಿ. ಆದರೆ ಆ ದಶಕಗಳ ದುಡಿಮೆಯ ಭಾರ ಹೊತ್ತದ್ದು ಒಂದೇ ಮನೆ.

ಬತ್ತಲಗುಂಡಿನಲ್ಲಿ ಇದಕ್ಕೆ ಹಳೆಯ ಸಾಕ್ಷಿಯೊಂದಿದೆ. ತಮಿಳಿನ ದೊಡ್ಡ ಲೇಖಕ ಸಿ.ಸು. ಚೆಲ್ಲಪ್ಪ ಈ ಊರಿನ ನಂಟಿನವರು, ಹುಟ್ಟಿದ್ದು 1912ರಲ್ಲಿ. 1959ರಲ್ಲಿ ಅವರು 'ಎಳುತ್ತು' ಎಂಬ ಸಣ್ಣ ಪತ್ರಿಕೆ ಆರಂಭಿಸಿದರು. ತಮಿಳಿನ ಹೊಸ ಕವಿತೆಗೂ ವಿಮರ್ಶೆಗೂ ಅದೇ ನೆಲೆಯಾಯಿತು. ಮಾರುಕಟ್ಟೆಗೆ ತಲೆಬಾಗಬಾರದೆಂದು ಅವರು ಅದನ್ನು ಸ್ವಂತ ಬಲದಿಂದಲೇ ಹತ್ತು ವರ್ಷಕ್ಕೂ ಹೆಚ್ಚು ನಡೆಸಿದರು. ಪುಸ್ತಕದ ಗಂಟು ಹೊತ್ತುಕೊಂಡು ಕಾಲೇಜಿನಿಂದ ಕಾಲೇಜಿಗೆ ಹೋಗಿ ಮಾರಿದರು. ಇವತ್ತು ಆ ಪತ್ರಿಕೆಯನ್ನು ಹೊಗಳದ ತಮಿಳು ಸಾಹಿತ್ಯ ಚರಿತ್ರೆ ಇಲ್ಲ. ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2001ರಲ್ಲಿ. ಅವರು ತೀರಿಕೊಂಡು ಆಗಲೇ ಮೂರು ವರ್ಷ ಸಮೀಪಿಸಿತ್ತು. ಪುಕ್ಕಟೆ ಎಂದು ನಾವು ಕರೆಯುವ ಕೆಲಸಕ್ಕೂ ಖರ್ಚು ಇದ್ದೇ ಇದೆ. ಅದು ಮಾಡಿದವನ ಮನೆಯಿಂದ ಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಮ್ಮ ಮಾತಿಗೆ ಬೇಕಾದ ಸಣ್ಣ ಕೆಲಸಗಳು

ಈ ಕಣಿವೆಯಲ್ಲಿ ಕಂಬಂ ಕಡೆಗೆ ಹೋದರೆ ಕಪ್ಪಿಲಿಯರ್ ಎಂಬ ಸಮುದಾಯದವರು ಸಿಗುತ್ತಾರೆ. ದಿಂಡಿಗಲ್, ಮಧುರೆ ಕಡೆ ಅನುಪ್ಪರ್ ಇದ್ದಾರೆ. ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ಮನೆಮಾತು ಕನ್ನಡ. ಶಾಲೆ, ಪತ್ರ, ಮೊಬೈಲ್ ಎಲ್ಲ ತಮಿಳು. ಅವರ ಕನ್ನಡ ಬಾಯಲ್ಲಿ ಉಳಿದಿದೆ, ಪರದೆಯ ಮೇಲೆ ಬಂದಿಲ್ಲ. ಅವರ ಮಾತು ಕೇಳಿದಾಗೆಲ್ಲ ನನಗೆ ನಮ್ಮ ಬ್ಯಾರಿ ನೆನಪಾಗುತ್ತದೆ. ನಮಗೆ 2009ರಿಂದ ಸಾಹಿತ್ಯ ಅಕಾಡೆಮಿ ಇದೆ, ಪುಸ್ತಕಗಳಿವೆ, ಹಾಡುಗಳಿವೆ. 2011ರ 'ಬ್ಯಾರಿ' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಮೊಬೈಲಿನಲ್ಲಿ ಬ್ಯಾರಿ ಬರೆಯುವಾಗ ಕನ್ನಡದ ಕೀಬೋರ್ಡ್ ನಮ್ಮ ಪದಗಳನ್ನು ತಪ್ಪೆಂದು ತಿದ್ದಲು ಬರುತ್ತದೆ.

ಇದನ್ನು ಸರಿಪಡಿಸಲು ಕೋಟಿ ಬೇಕಿಲ್ಲ. 2024ರಲ್ಲಿ ಝೆರೋಧಾ ಕಂಪನಿ ಸ್ವತಂತ್ರ ತಂತ್ರಾಂಶಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಒಳ್ಳೆಯದೇ. ಆದರೆ ಅಂಥ ನಿಧಿಯಲ್ಲಿ ಒಂದು ನೆರವು ಆರಂಭವಾಗುವುದೇ 10,000 ಡಾಲರಿನಿಂದ. ನಮ್ಮ ಕೆಲಸಗಳು ಅದಕ್ಕಿಂತ ಎಷ್ಟೋ ಸಣ್ಣವು. ಕೀಬೋರ್ಡಿಗೆ ಐದು ಸಾವಿರ ಬ್ಯಾರಿ ಪದಗಳ ಪಟ್ಟಿ ಸೇರಿಸುವುದು, ಹಳೆಯ ಕ್ಯಾಸೆಟ್ ಹಾಡುಗಳ ಹೆಸರು, ಹಾಡಿದವರು, ವರ್ಷ ಹುಡುಕುವ ಒಂದು ಪುಟ, ಗಾದೆಗಳ ಸಂಗ್ರಹಕ್ಕೆ ಅಕಾರಾದಿ, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪುಸ್ತಕವನ್ನು ಯುನಿಕೋಡಿಗೆ ತರುವುದು. ಒಂದೊಂದೂ ಒಬ್ಬ ವಿದ್ಯಾರ್ಥಿಗೆ ಒಂದು ವಾರ, ಎರಡು ವಾರದ ಕೆಲಸ. ಎರಡು ಸಾವಿರದಿಂದ ಹತ್ತು ಸಾವಿರ ರೂಪಾಯಿಯೊಳಗೆ ಮುಗಿಯುವಂಥದು. ಮದುವೆಯ ಮಂಟಪದ ಒಂದು ಕಮಾನಿನ ಅಲಂಕಾರಕ್ಕೆ ನಾವು ಇದಕ್ಕಿಂತ ಹೆಚ್ಚು ಕೊಡುತ್ತೇವೆ.

ಹೇಗೆ ಕೊಡಬೇಕು ಎಂಬುದಕ್ಕೆ ಮೇಲಿನ ಚರಿತ್ರೆಯಲ್ಲೇ ಉತ್ತರಗಳಿವೆ. ಗಿರಣಿಯ ವಿದ್ಯುತ್ ಮೀಟರುಗಳಿಂದ ಅಂಕಿ ಓದಿ ಹಾಳೆಗೆ ಬರೆಯುವ ಪ್ರೋಗ್ರಾಮನ್ನು ನಾನೇ ಬರೆದುಕೊಂಡೆ. ಮೀಟರಿನ ಜೊತೆ ಮಾತಾಡುವ ಭಾಗ ಮಾತ್ರ ನನ್ನ ಕೈಲಾಗಲಿಲ್ಲ. ಅದು ಬಲ್ಲ ಪೊಳ್ಳಾಚಿಯ ಒಬ್ಬರಿಗೆ 1,500 ರೂಪಾಯಿಗೆ ಕೊಟ್ಟೆ. ಕೊಡುವ ಮೊದಲು ಐದು ಸಾಲು ಬರೆದುಕೊಂಡೆವು: ಏನು ಒಳಗೆ ಹೋಗಬೇಕು, ಏನು ಹೊರಗೆ ಬರಬೇಕು, ಎಂದು ಮುಗಿಯಬೇಕು, ಎಷ್ಟು ಹಣ, ಆಮೇಲೆ ಆ ಬರಹ ಯಾರದು. ಅರ್ಧ ಮೊದಲು, ಅರ್ಧ ಓಡಿದ ಮೇಲೆ. ನಾಲ್ಕು ತಿಂಗಳ ಬಳಿಕ ಯಂತ್ರದ ಬೇರಿಂಗ್ ಬಿಸಿಯಾಗುವ ಲೆಕ್ಕವೊಂದಕ್ಕೆ ಅವರೇ ನನ್ನನ್ನು ಕೇಳಿದರು, ಅದಕ್ಕೆ 1,000 ರೂಪಾಯಿ ಕಳುಹಿಸಿದರು. ಈಗ ನಾವು ಹಬ್ಬಕ್ಕೆ ಪರಸ್ಪರ ಫೋನ್ ಮಾಡುವಷ್ಟು ಹತ್ತಿರದವರು.

ಸಮುದಾಯದ ಕೆಲಸಕ್ಕೆ ಇದಕ್ಕೆ ಮೂರು ಮಾತು ಸೇರಿಸಬೇಕು. ಒಂದು, ಬೆಲೆಯನ್ನು ಕೆಲಸದ ಮೇಲೆ ಇಡಿ, ಹುಡುಗನ ಮೇಲೆ ಅಲ್ಲ. ಮಂಗಳೂರಿನವನು ಮಾಡಿದರೂ ದಮ್ಮಾಮಿನವನು ಮಾಡಿದರೂ ಅಷ್ಟೇ ಹಣ. ಎರಡು, ಹಣ ದೂರದ ತಾಣದಲ್ಲಿ ಬೇಡ, ಲೆಕ್ಕ ಕೊಡುವ ಸಂಘದ ಖಾತೆಯಲ್ಲಿರಲಿ, ಯಾರಿಗೆ ಎಷ್ಟು ಹೋಯಿತು ಎಂಬ ಪಟ್ಟಿ ಮೊಯ್ ಪುಸ್ತಕದಂತೆ ಎಲ್ಲರಿಗೂ ಕಾಣಲಿ. ಮೂರು, ಹಣ ಬೇಡ ಎನ್ನುವವನನ್ನು ಒತ್ತಾಯಿಸಬೇಡಿ, ಆದರೆ ಅವನ ಹೆಸರನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ಕ್ನೂತ್ ಅವರ ಚೆಕ್ಕು ಗೋಡೆಗೇರಿದ್ದು ಮೊತ್ತದಿಂದಲ್ಲ, ಸಹಿಯಿಂದ.

ಬ್ಯಾರಿ ಎಂಬ ಹೆಸರು ವ್ಯಾಪಾರ ಎಂಬ ಅರ್ಥದ ತುಳುವಿನ ಬ್ಯಾರ ಎಂಬ ಪದದಿಂದ ಬಂತೆಂದು ನಮ್ಮ ಚರಿತ್ರೆ ಬರೆದ ಅನೇಕರು ಹೇಳುತ್ತಾರೆ. ನಮ್ಮ ತಂದೆಯ ಅಂಗಡಿಯಲ್ಲಿ ಪಕ್ಕದ ಅಂಗಡಿಯವರು ಸಕ್ಕರೆ ಮುಗಿದಾಗ ಒಂದು ಚೀಲ ಒಯ್ಯುತ್ತಿದ್ದರು. ಅವರು ಸ್ನೇಹಿತರು, ಆದರೂ ಅದು ಪುಸ್ತಕದಲ್ಲಿ ಬರೆಯಲ್ಪಡುತ್ತಿತ್ತು. ಬರೆದಿಟ್ಟದ್ದರಿಂದ ಆ ಸ್ನೇಹ ಮೂವತ್ತು ವರ್ಷ ಉಳಿಯಿತು. ಪ್ರೋಗ್ರಾಂ ಬರೆಯುವ ನಮ್ಮ ಮಕ್ಕಳಿಗೂ ಅದೇ ಅಂಗಡಿಯ ನ್ಯಾಯ ಸಾಕು. ಮುಂದಿನ ಸಲ ಜಮಾಅತ್ ಸಭೆಯಲ್ಲಿ "ನಮ್ಮ ಹುಡುಗನೇ ಮಾಡಿಕೊಡುತ್ತಾನೆ" ಎಂಬ ಮಾತು ಬಂದಾಗ, "ಹೌದು, ಎಷ್ಟು ಕೊಡೋಣ?" ಎಂದು ಯಾರಾದರೂ ಒಬ್ಬರು ಕೇಳಿದರೆ ಕೆಲಸ ಆರಂಭವಾದಂತೆ.